ಅಪ್ಪನ ಪತ್ರಿಕೆ, ಬಿಮಲ್ ಕಾಕುವಿನ ಪತ್ರಿಕೆ

ಕೋಲ್ಕತ್ತಾದ ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವನ್ನು ಈಗಲೂ ಹಳೆಯ ಪತ್ರಿಕೆಯ ಹಾಳೆಯಲ್ಲೇ ಸುತ್ತಿಕೊಡುತ್ತಾರೆ. ಮನೆಗೆ ತಂದು ಬಿಚ್ಚಿದರೆ ಹಸಿ ಸೊಪ್ಪಿನ ಜೊತೆ ಒದ್ದೆ ಕಾಗದದ, ಮಸಿಯ ಘಾಟು ಮೂಗಿಗೆ ಬಡಿಯುತ್ತದೆ. ಸೊಪ್ಪು ಬಿಡಿಸುವ ಮೊದಲು ನಾನು ನೋಡುವುದು ಇದು ಯಾರ ಪತ್ರಿಕೆ, ಯಾರ ಕಡೆ ವಾಲಿದ್ದು ಎಂದು. ಸುದ್ದಿ ಆಮೇಲೆ. ಈ ಚಾಳಿ ಅಪ್ಪನದು. ಅಪ್ಪ ಈಗಿಲ್ಲ. ನಾವು ಬಾಡಿಗೆಗಿದ್ದ ಹಸಿರು ಕಿಟಕಿಗಳ ಮನೆಯೂ ಇಲ್ಲ, ಕೆಡವಿ ಫ್ಲ್ಯಾಟು ಎಬ್ಬಿಸಿದ್ದಾರೆ. ಆದರೂ ಆ ವಾಸನೆ ಬಂದರೆ ಸಾಕು, ಫ್ರಾಕು ತೊಟ್ಟು ಬಾಲ್ಕನಿಯ ಸರಳು ಹಿಡಿದು ನಿಂತುಬಿಡುತ್ತೇನೆ.

ಅಪ್ಪ ಉಡುಪಿ ಕಡೆಯವರು, ಬ್ಯಾಂಕಿನ ನೌಕರಿಗೆಂದು ಕೋಲ್ಕತ್ತಾಗೆ ಬಂದು ಇಲ್ಲೇ ಉಳಿದರು. ಮಹಾ ಸಂಶಯದ ಮನುಷ್ಯ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎನ್ನುವುದು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರಬೇಕು. ಅವರು ಇಂಗ್ಲಿಷ್ ಪತ್ರಿಕೆ ತರಿಸುತ್ತಿದ್ದರು. ಕೆಳಮನೆಯ ಬಿಮಲ್ ಬಾಬು, ನಾನು ಚಿಕ್ಕಪ್ಪನ ಲೆಕ್ಕದಲ್ಲಿ ಕರೆಯುತ್ತಿದ್ದ ಬಿಮಲ್ ಕಾಕು, ತಮ್ಮ ಪಕ್ಷದ ಬಂಗಾಳಿ ಪತ್ರಿಕೆ. ಇಬ್ಬರೂ ಬೆಳಿಗ್ಗೆ ತಮ್ಮದನ್ನು ಓದಿ ಮುಗಿಸಿದ ಮೇಲೆ, ತರಕಾರಿಯವನಿಗೆ ಇಳಿಬಿಡುವ ಹಗ್ಗದ ಚೀಲದಲ್ಲೇ ಅದಲುಬದಲು ನಡೆಯುತ್ತಿತ್ತು. ಎದುರಾಳಿಯ ಪತ್ರಿಕೆಯ ಸುಳ್ಳುಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಸಂಜೆ ಹಿಂದಿರುಗಿಸಬೇಕು, ಅದು ಅವರ ಪದ್ಧತಿ. "ರಾವ್ ಬಾಬು, ನಿಮ್ಮ ಸಾಹೇಬರ ಪತ್ರಿಕೆ ಇವತ್ತು ಏನನ್ನು ಮುಚ್ಚಿಟ್ಟಿದೆ?" ಎಂದು ಕಾಕು ಕೆಳಗಿನಿಂದ ಕೂಗುತ್ತಿದ್ದರು. "ಜಗಳ ಆಡ್ಲಿಕ್ಕೆ ಪೇಪರ್ ಯಾಕೆ ಬೇಕು ಇವರಿಗೆ, ಸುಮ್ನೆ ಕೂತು ಆಡಬಾರ್ದಾ?" ಎಂದು ಅಮ್ಮ ಒಗ್ಗರಣೆ ಸೌಟು ಕುಟ್ಟುತ್ತಿದ್ದಳು. ಒಮ್ಮೆ ಸದರ್ನ್ ಅವೆನ್ಯೂವಿನಲ್ಲಿ ಮರಗಳನ್ನೆಲ್ಲ ಕಡಿದರೆಂದು ಒಂದು ಪತ್ರಿಕೆ ಬರೆಯಿತು, ಬರೀ ಕೊಂಬೆ ಸವರಿದರೆಂದು ಇನ್ನೊಂದು. ಇಬ್ಬರೂ ನನ್ನ ಕೈ ಹಿಡಿದುಕೊಂಡು ನೋಡಲು ಹೊರಟರು. ಕೆಲವು ಮರ ಬಿದ್ದಿದ್ದವು, ಕೆಲವು ನಿಂತಿದ್ದವು. ಇಬ್ಬರಿಗೂ ಎಷ್ಟು ಖುಷಿಯಾಯಿತೆಂದರೆ, ಬೀದಿಬದಿಯಲ್ಲಿ ಮಣ್ಣಿನ ಲೋಟದ ಚಹಾ ಕುಡಿದು, ಎರಡೂ ಪತ್ರಿಕೆಗಳನ್ನು ಬೈದುಕೊಂಡು ಮನೆಗೆ ಬಂದರು. ಅಯ್ಯೋ, ಅಂಥ ಬೈಗುಳ ಇನ್ನೆಲ್ಲಿ ಕೇಳಲಿ!

ಆ ಅಪ್ಪ ಕೊನೆಗೆ ಮರುಳಾಗಿ ಬಿದ್ದದ್ದು ಕನ್ನಡದಲ್ಲಿ ಬಂದ ಮಾತಿಗೆ. ಹೇಳಿದರೆ ನೀವು ನಗುತ್ತೀರಿ. ಈ ಊರಿನಲ್ಲಿ ನಮ್ಮ ಪಾಲಿಗೆ ಕನ್ನಡ ಎಂದರೆ ಅಡುಗೆಮನೆ, ಅಜ್ಜಿ, ಚಿಕ್ಕಪ್ಪನ ಫೋನು. ಮೋಸ ಮಾಡುವವರು, ಮತ ಕೇಳುವವರು ಎಲ್ಲರೂ ಬೇರೆ ಭಾಷೆಯವರು. ನಿವೃತ್ತಿಯ ನಂತರ ಮೊಬೈಲಿನಲ್ಲಿ ಊರಿನವರ ಗುಂಪು ಸೇರಿದರಲ್ಲ, ಅಲ್ಲಿ ಬಂದದ್ದಕ್ಕೆ ಅಪ್ಪ ಒಂದು ದಿನವೂ ಕೆಂಪು ಗೆರೆ ಎಳೆಯಲಿಲ್ಲ. ಒಂದು ದಿನ ಅದರಲ್ಲಿ ನಾವಿದ್ದ ಕಾಳಿಘಾಟಿನ ಬಗ್ಗೆಯೇ ಬಂತು: ಕಾಳಿಘಾಟ್ ಸುತ್ತಮುತ್ತ ಹೊರರಾಜ್ಯದವರ ಮನೆಗಳಿಗೆ ಗುರುತು ಹಾಕುತ್ತಿದ್ದಾರೆ, ಅಕ್ಕಪಕ್ಕದವರೇ ತೋರಿಸಿಕೊಡುತ್ತಿದ್ದಾರೆ. ಬರೆದವರು ಯಾರೋ, ಯಾವ ಊರಿನಲ್ಲಿ ಕೂತಿದ್ದರೋ. ಅದೇ ವಾರ ಕಾಕು, "ಈ ಸಲ ಊರಿಗೆ ಯಾವಾಗ ಹೋಗುತ್ತೀರಿ?" ಎಂದು ಕೇಳಿದ್ದರು. ಪ್ರತಿ ವರ್ಷ ಕೇಳುವ ಮಾತು. ಅಪ್ಪ ಎರಡನ್ನೂ ಗಂಟುಹಾಕಿದರು.

"ಅಪ್ಪಾ, ಇದು ನಮ್ಮದೇ ಬೀದಿ. ಕಿಟಕಿಯಿಂದ ನೋಡಿ, ಎಂತ ಆಗಿದೆ?" ಎಂದು ನಾನು ರೇಗಿದೆ.

"ಕಿಟಕಿಯಿಂದ ಎಷ್ಟು ಕಾಣ್ತದೆ ಮಾರಾಯ್ತಿ? ಇದು ನಮ್ಮವರೇ ಬರ್ದದ್ದು. ನಮ್ಮವರಿಗೆ ಸುಳ್ಳು ಹೇಳಿ ಎಂತ ಆಗ್ಬೇಕು?"

ಮರುದಿನದಿಂದ ಚೀಲ ಇಳಿಯಲಿಲ್ಲ. ಕಾಕು ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು. ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. "ಪತ್ರಿಕೆ ನಿಲ್ಲಿಸಿದ್ದೇನೆ" ಎಂದು ಅಪ್ಪ ಒಳಗಿನಿಂದಲೇ ಹೇಳಿದರು. ಚಿಲಕ ತೆಗೆಯಲು ಹೋದ ಅಮ್ಮನನ್ನು ಕಣ್ಣಿನಲ್ಲೇ ತಡೆದರು. ಕಾಕು ನಿಧಾನವಾಗಿ ಇಳಿದುಹೋದರು. ನನಗೆ ಅಪ್ಪನ ಮೇಲೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಆ ಮಳೆಗಾಲದಲ್ಲೇ ಒಂದು ಬೆಳಿಗ್ಗೆ, ನಮ್ಮ ಕಟ್ಟಡದವರ ಮೊಬೈಲ್ ಗುಂಪಿನಲ್ಲಿ ಕಾಕುವಿನ ಮಗ ತನ್ನ ತಂದೆಯ ಬಗ್ಗೆ ಬಂಗಾಳಿಯಲ್ಲಿ ಬರೆದಿದ್ದ: ಬಾಬಾ ಹೋದರು. ನಾನು ಓದಿ ಹೇಳಿದೆ. ಅಪ್ಪನ ಮುಖ ಬಿಳಿಚಿತು, ಆದರೂ ಕುರ್ಚಿಯಿಂದ ಏಳಲಿಲ್ಲ. "ನಂಬಬೇಡ. ಬಾಗಿಲು ತೆಗೆಸ್ಲಿಕ್ಕೆ ಮಾಡಿದ ಉಪಾಯ ಅದು" ಎಂದರು. "ನಿಮ್ಮ ತಲೆ ಕೆಟ್ಟಿದೆ!" ಎಂದು ಅಮ್ಮ ಅಳುತ್ತಾ ಚಿಲಕ ತೆಗೆದು ಕೆಳಗೆ ಓಡಿದಳು, ಹಿಂದೆಯೇ ನಾನು. ಅಪ್ಪ ಬರಲಿಲ್ಲ. ಕೊನೆಗೆ ಅಂಗಳದಿಂದ ಶವ ಎತ್ತುವವರ "ಬೋಲೊ ಹರಿ, ಹರಿ ಬೋಲ್" ಎಂಬ ಕೂಗು ಎದ್ದ ಮೇಲೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿಸಿತು. ಅವರು ಕೆಳಗೆ ಬರುವಷ್ಟರಲ್ಲಿ ಹೆಣ ಹೊತ್ತ ಗಾಡಿ ತಿರುವು ದಾಟಿತ್ತು.

ಕಾಕುವಿನ ಹೆಂಡತಿ ಕಾಕೀಮಾ ಬಾಗಿಲಲ್ಲೇ ಕೂತಿದ್ದರು. ಅಪ್ಪನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡರು.

"ಬನ್ನಿ ರಾವ್ ಬಾಬು. ನಿಮ್ಮ ದಾರಿಯನ್ನೇ ನೋಡುತ್ತಿದ್ದರು. ಕಾಯಿಲೆ ಬಿದ್ದು ಮಲಗಿದಾಗಿನಿಂದ ಈ ಬಾಗಿಲು ಹಾಕಲು ಬಿಡಲಿಲ್ಲ. ರಾವ್ ಬಾಬುಗೆ ಏನೋ ಕೋಪ ಬಂದಿದೆ, ಇಳಿದ ಮೇಲೆ ಬರುತ್ತಾರೆ, ಬಂದಾಗ ತಟ್ಟುವ ಹಾಗೆ ಆಗಬಾರದು ಎನ್ನುತ್ತಿದ್ದರು."

ಅಪ್ಪ ಒಳಗೆ ಹೋಗಲಿಲ್ಲ. ಆ ತೆರೆದ ಬಾಗಿಲ ಹೊರಗೆ, ಚಪ್ಪಲಿಗಳ ನಡುವೆ, ನೆಲದ ಮೇಲೆ ಕೂತುಬಿಟ್ಟರು.