ಬರಿದಾದ ಮೊಳೆ

ಅನಗೋಳದ ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲೊಂದು ಮೊಳೆಯಿದೆ. ಪ್ರತಿ ದೀಪಾವಳಿಗೆ ತನ್ನ ಗಂಡನ ಊರಾದ ಗುಂಜಿಯಿಂದ ನನ್ನ ಅಕ್ಕ ತರುವ ಹೊಸ ಭತ್ತದ ತೆನೆಗೊಂಚಲು ಅದರಲ್ಲಿ ತೂಗುತ್ತದೆ. ಗುಬ್ಬಿಗಳು ಹಾಡಹಗಲೇ ಕಾಳು ಕದಿಯುತ್ತವೆ, ನಾವು ನೋಡಿಯೂ ನೋಡದಂತಿರುತ್ತೇವೆ. ಅಕ್ಕನ ಅತ್ತೆಯಿಂದ ಅವಳ ಕೈಗೆ ಬಂದ ಪರಿಮಳದ ಭತ್ತವದು, ಅನ್ನಕ್ಕಿಟ್ಟರೆ ಓಣಿಗೆಲ್ಲ ಸುದ್ದಿ. ಈ ವರ್ಷ ಮೊಳೆ ಬರಿದಾಗಿದೆ. ಅಲ್ಲಿ ಪ್ಲಾಸ್ಟಿಕ್ ತೋರಣ ಕಟ್ಟಲು ಬಂದ ಹೆಂಡತಿಯೊಡನೆ ನಾನು ಜಗಳವನ್ನೇ ಆಡಿದೆ.

ಹಬ್ಬಕ್ಕೆ ಮುಂಚೆ ಗುಂಜಿಗೆ ಹೋಗಿದ್ದೆ. ದಸರೆಗೆಲ್ಲ ಗಂಟುಮೂಟೆ ಕಟ್ಟಬೇಕಾದ ಮಳೆ, ತೆನೆ ಬಲಿಯುವ ಹೊತ್ತಿನಲ್ಲೂ ಜಿನುಗುತ್ತಿತ್ತು. ಮೋಡ ಕವಿದು, ಮಧ್ಯಾಹ್ನವಾದರೂ ಎಲೆಯ ಮೇಲಿನ ಒದ್ದೆ ಆರಿರಲಿಲ್ಲ. ಆ ಒದ್ದೆಯಲ್ಲೇ ಬೆಳೆಯುವ ಶಿಲೀಂಧ್ರ ಗದ್ದೆಯನ್ನು ಹೊಕ್ಕಿತ್ತು. ಇದಕ್ಕೆ ಬೆಂಕಿ ರೋಗ ಎನ್ನುತ್ತಾರೆ. ಉದ್ಯಮಬಾಗದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿಯುವ ನನಗೆ ಬೆಂಕಿ ಹೊಸದಲ್ಲ, ಆದರೆ ನೀರಿನಲ್ಲಿ ಹತ್ತಿ ಉರಿಯುವ ಇಂಥ ಬೆಂಕಿಯನ್ನು ನಾನು ಕಂಡಿರಲಿಲ್ಲ. ಹವಾಮಾನ ಬದಲಾವಣೆಯೆಂದರೆ ನನ್ನ ಪಾಲಿಗೆ ಟಿವಿಯಲ್ಲಿ ಕರಗುವ ಹಿಮವಾಗಿತ್ತು, ಸ್ನೇಹಿತರೇ; ಅಲ್ಲಿ ನೋಡಿದರೆ ತೆನೆಯ ಕುತ್ತಿಗೆಯಲ್ಲೊಂದು ಕಪ್ಪು ಉಂಗುರ, ಅದರ ಮೇಲೆಲ್ಲ ಜೊಳ್ಳು. ರೋಗ ಹಳೆಯದೇ, ಅದನ್ನು ಹೀಗೆ ಸಾಕುವ ಆಕಾಶ ಮಾತ್ರ ಹೊಸದು. ನನಗೆ ಮೈಯೆಲ್ಲ ಸಿಟ್ಟು ಬಂತು, ಬೈಯೋಣವೆಂದರೆ ತಪ್ಪು ಮಾಡಿದವರು ಯಾರೂ ಎದುರಿಗೆ ಇರಲಿಲ್ಲ.

ಬದುವಿನ ಮೇಲೆ ಕುಳಿತಿದ್ದ ಭಾವ, "ಇದರ ಕಾಲ ಮುಗೀತು. ಮುಂದಿನ ವರ್ಷ ಬ್ಯಾರೆ ಬೀಜ ಹಾಕೂಣು," ಎಂದರು.

ಅಕ್ಕ ಗದ್ದೆಯ ನಡುವಿನಿಂದಲೇ ತಿರುಗಿ ನಿಂತಳು. "ಮಳಿ ತನ್ನ ವ್ಯಾಳ್ಯಾ ಮರತೈತಂತ ನಾವು ಬಿತ್ತೂದು ಮರೀಬೇಕೇನ್ರಿ?"

ಸುತ್ತಲೂ ಕರಕಲಾದ ತೆನೆಗಳ ನಡುವೆ ಅಲ್ಲೊಂದು ಇಲ್ಲೊಂದು, ಕಾಳು ತುಂಬಿ ತಲೆ ಬಾಗಿಸಿದ ತೆನೆಗಳಿದ್ದವು. ರೋಗದೆದುರು ಗೆದ್ದ ಆ ತೆನೆಗಳನ್ನಷ್ಟೇ ಅವಳು ಕೊಯ್ದು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ನಾನೂ ಪ್ಯಾಂಟು ಮಡಚಿ ಇಳಿದೆ. ಸಂಜೆಯವರೆಗೆ ಹುಡುಕಿದರೂ ಸಿಕ್ಕಿದ್ದು ಒಂದು ಸಣ್ಣ ಬುಟ್ಟಿಯಷ್ಟು. ಅದರಲ್ಲೊಂದು ಗೊಂಚಲು ಬಾಗಿಲಿಗೆ ಕೊಡುತ್ತಾಳೇನೋ ಎಂದು ಆಸೆಯಿಂದ ನೋಡಿದೆ.

"ನಿನಗ ಒಂದ ಕಾಳೂ ಇಲ್ಲ, ತಮ್ಮಾ. ಎಲ್ಲಾ ಬೀಜಕ್ಕ. ಮೊಳಿ ಮಾತ್ರ ಕೀಳಬ್ಯಾಡ."

ಮುಂದಿನ ಮಳೆ ಹೇಗಿರುತ್ತದೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಆ ಬುಟ್ಟಿಯೂ ಹೋದರೆ ಈ ಪರಿಮಳದ ಕಥೆ ಮುಗಿದಂತೆ. ಆದರೂ ಅವಳು ಬಿತ್ತುತ್ತಾಳೆ.

ಹೀಗಾಗಿ ಆ ಜಾಗದಲ್ಲಿ ಪ್ಲಾಸ್ಟಿಕ್ ತೋರಣಕ್ಕೆ ಪ್ರವೇಶವಿಲ್ಲ. ಬಂದವರು ತಲೆಯೆತ್ತಿ, ಈ ಸಲ ತೆನೆ ಎಲ್ಲಿ ಎಂದು ಕೇಳುತ್ತಾರೆ. ನಾನು ದನಿ ಇಳಿಸದೆ ಹೇಳುತ್ತೇನೆ: ಬಿತ್ತಲಿಕ್ಕೆ ಹೋಗಿದೆ.