ಗುರುವಾರಗಳಂದು ನಾನು ವನಜಾ

ಅಕ್ಕಾ, ನಿನ್ನ ಹತ್ತು ಸಿಟ್ಟಿಂಗುಗಳನ್ನು ಮುಗಿಸಿದವಳು ನಾನು. ನಿನ್ನ ಹೆಸರು ಹೇಳಿಕೊಂಡು, ನಿನ್ನ ಕುರ್ಚಿಯಲ್ಲಿ ಕೂತು. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ನಿನಗೆ ಗೊತ್ತು. ಆದರೆ ನಿನಗೂ ಗೊತ್ತಿಲ್ಲದ್ದು ಒಂದಿದೆ — ಅದಕ್ಕೇ ಬರೆಯುತ್ತಿದ್ದೇನೆ.

೨೦೦೩ರ ಜೂನ್. ಪಿಯುಸಿ ಪರೀಕ್ಷೆಯ ನಡುವೆ ಎದ್ದುಬಂದ ನೀನು ಮಾತು ನಿಲ್ಲಿಸಿ ಮೂರು ತಿಂಗಳಾಗಿತ್ತು. ದೊಡ್ಡನೆಕ್ಕುಂದಿಯ ನಮ್ಮ ಬಾಡಿಗೆ ಕೋಣೆಯಲ್ಲಿ ನೀನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಅಮ್ಮ ಗಾರ್ಮೆಂಟ್ಸಿಗೆ ರಜೆ ಹಾಕಿ, ಬೆನ್ಸನ್ ಟೌನಿನ ಒಂದು ಕೌನ್ಸೆಲಿಂಗ್ ಕೇಂದ್ರದಲ್ಲಿ ರೇಷನ್ ಕಾರ್ಡ್ ತೋರಿಸಿ ನಿನ್ನ ಹೆಸರು ಬರೆಸಿದಳು. ರಿಯಾಯಿತಿಯಲ್ಲಿ ಹತ್ತು ಸಿಟ್ಟಿಂಗ್, ಒಂದಕ್ಕೆ ಇಪ್ಪತ್ತು ರೂಪಾಯಿ. ಆಮೇಲೆ ಪೂರ್ತಿ ಫೀಸು, ಮುನ್ನೂರು. ನಿನ್ನನ್ನು ಕರೆದೊಯ್ಯುವ ಕೆಲಸ ನನ್ನದು.

ಮೊದಲ ಗುರುವಾರ ನೀನು ಏಳಲಿಲ್ಲ. ಅಷ್ಟು ಹೇಳಿಬರಲು ನಾನೊಬ್ಬಳೇ ಹೋದೆ. ಹಳೆಯ ಬಂಗಲೆ, ಹಗಲಲ್ಲೂ ದೀಪ ಹಾಕಿದ ಪಡಸಾಲೆ. ಕೌಂಟರಿನ ಆಂಟಿ ತಲೆ ಎತ್ತಿದರು. "ವನಜಾನೇನಮ್ಮ ನೀನು? ಎಷ್ಟೊತ್ತಿಗೆ ಬರೋದು! ಬರ್ದೇ ಇದ್ರೆ ನಿನ್ ಜಾಗ ಬೇರೆಯವ್ರಿಗೆ ಕೊಟ್ಬಿಡ್ತಾರೆ, ಕ್ಯೂ ನೋಡು ಹೆಂಗಿದೆ. ಹೋಗು ಹೋಗು, ಒಳಗ್ ಹೋಗು."

ಜಾಗ ಉಳಿಸೋಣ ಎಂದುಕೊಂಡೆ. ಇದೊಂದೇ ಸಲ —

"ಹೇಗಿದ್ದೀರಾ ವನಜಾ?" ಎಂದು ಕೇಳಿದ ಕೌನ್ಸೆಲರ್ ಮೇಡಂ ಉತ್ತರಕ್ಕೆ ಕಾದರು. ಹಾಗೆ ಕೇಳಿ ನನಗಾಗಿ ಅದುವರೆಗೆ ಯಾರೂ ಕಾದಿರಲಿಲ್ಲ. ನಿನಗೇನಾಗಿದೆಯೋ ನನಗೆ ತಿಳಿಯದು, ಕಟ್ಟಿ ಹೇಳಿದೆ. ಗೋಡೆಯೊಳಗಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಎಂದೆ.

ಮನೆಗೆ ಬಂದಾಗ ನೀನು ಗೋಡೆಗೆ ಕಿವಿ ಒತ್ತಿ ಕೂತಿದ್ದೆ. ನನ್ನ ಡೈರಿಯಲ್ಲಿ ಆ ತಾರೀಖಿನ ಕೆಳಗೆ ಇಷ್ಟೇ ಇದೆ: 'ಅಕ್ಕ ಗೋಡೆ ಕೇಳುತ್ತಿದ್ದಾಳೆ. ನಾನು ಹೇಳಿದ್ದು ಮೇಡಂಗೆ ಮಾತ್ರ.'

ಹೆದರಿಕೆಯಾಯಿತು. ಆದರೂ ಮತ್ತೆ ಹೋದೆ, ಮತ್ತೆ ಹೋದೆ.

ನಾಲ್ಕನೆಯ ಗುರುವಾರ ನೀನು ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ. "ಇವತ್ತು ರಜಾ ಕಣಕ್ಕಾ, ಮೇಡಂ ಬರಲ್ಲ" ಎಂದೆ.

ರಜೆ ಇರಲಿಲ್ಲ. ನಿನ್ನನ್ನು ಒಳಗೆ ಬಿಟ್ಟು ಚಿಲಕ ಹಾಕಿ ಶಿವಾಜಿನಗರದ ಬಸ್ಸು ಹತ್ತಿದೆ. ಆ ಕುರ್ಚಿ ನನಗೆ ಬೇಕಾಗಿತ್ತು. ನಿನಗೆ ಗೊತ್ತಿಲ್ಲದ್ದು ಇದೇ — ಅಥವಾ ಗೊತ್ತಿತ್ತೋ? ಸಂಜೆ ಚಿಲಕ ತೆಗೆದರೆ ನೀನು ಅಲ್ಲೇ ನಿಂತಿದ್ದೆ, ಕಾಲಲ್ಲಿ ಚಪ್ಪಲಿ ಹಾಗೇ. ನಾಲ್ಕು ತಿಂಗಳ ನಂತರದ ಮೊದಲ ಮಾತು:

"ಇವತ್ತು ನಾನು ಏನ್ ಹೇಳ್ದೆ?"

ಹೇಳಿದೆ. ಪ್ರತಿ ಗುರುವಾರ ನೀನು ಕೇಳಿದೆ, ಪ್ರತಿ ಗುರುವಾರ ನಾನು ಹೇಳಿದೆ. ನಾನು ಕಟ್ಟಿದ್ದನ್ನೆಲ್ಲ ಮರುದಿನದಿಂದ ನೀನು ಮಾಡತೊಡಗಿದೆ. ಕನ್ನಡಿಗೆ ಬಟ್ಟೆ ಮುಚ್ಚಿದೆ. ತಟ್ಟೆಯ ಅನ್ನದಲ್ಲಿ ಅರ್ಧ ತೆಗೆದು ಗೋಡೆಯ ಬುಡದಲ್ಲಿಟ್ಟೆ.

ಹತ್ತೂ ಮುಗಿದ ಮೇಲೆ, ಇನ್ನಷ್ಟು ರಿಯಾಯಿತಿ ಕೇಳಲು ಅಮ್ಮ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದಳು. ಅವಳು ಕೌಂಟರಿನಲ್ಲಿ ಅಂಗಲಾಚುತ್ತಿದ್ದಾಗ ಮೇಡಂ ಬಾಗಿಲಿಗೆ ಬಂದು ನನ್ನತ್ತ ನಕ್ಕರು. "ಏನ್ ವನಜಾ, ತಂಗೀನೂ ಕರ್ಕೊಂಡ್ ಬಂದ್ರಾ?"

ನೀನು ನನ್ನನ್ನು ನೋಡಿದೆ.

"ಹೂಂ, ತಂಗಿ" ಎಂದೆ ನೀನೇ.

ರಿಯಾಯಿತಿ ಸಿಗಲಿಲ್ಲ. ಮುನ್ನೂರು ಅಮ್ಮನ ಕೈಗೆ ಎಟುಕುವಂಥದ್ದಲ್ಲ. ಆಮೇಲೆ ನೀನು ಆ ದಾರಿ ತುಳಿಯಲೇ ಇಲ್ಲ.

ಆರು ವರ್ಷವಾಯಿತು. ಈಗ ಗೋಡೆಯೊಳಗಿಂದ ಕರೆಯುವುದು ನನಗೇ ಕೇಳಿಸುತ್ತದೆ. ನಿನ್ನ ಹೆಸರನ್ನೇ ಕರೆಯುತ್ತದೆ, ನಾನು ಓಗೊಡುತ್ತೇನೆ.

ನನ್ನ ಸಂಬಳದಲ್ಲಿ ಪೂರ್ತಿ ಫೀಸು ಕಟ್ಟಿ ಬರುವ ಗುರುವಾರಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಅದಕ್ಕೂ ಮೊದಲು ಇದನ್ನು ಅಮ್ಮನಿಗೆ ಓದಿ ಹೇಳುತ್ತೇನೆ, ಮೇಡಂಗೂ ಹೇಳುತ್ತೇನೆ. ಪಡಸಾಲೆಯಲ್ಲಿ ನಿನ್ನ ಪಕ್ಕ ಕೂರುತ್ತೇನೆ. ಒಳಗಿಂದ "ವನಜಾ" ಎಂದು ಕರೆದಾಗ ನೀನು ಏಳು, ಅಕ್ಕಾ. ನಾನು ಬೆಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿರುತ್ತೇನೆ.