ಬಾಣಂತಿ ಕೋಣೆಯ ಹೊಸ ಕಿಟಕಿ

ಸಂಡೂರಿನ ಪುಷ್ಯಮಾಸದ ಚಳಿ ಗುಡ್ಡದಿಂದ ನೇರ ಮನೆಯೊಳಗೇ ಇಳಿಯುತ್ತದೆ. ಮಗಳ ಬಾಣಂತನಕ್ಕೆಂದು ಕೋಣೆಯ ಹಳೆಯ ಮರದ ಕಿಟಕಿ ಕೀಳಿಸಿ, ಹೊಸಪೇಟೆಯಲ್ಲಿ ನಾಲ್ಕು ಅಂಗಡಿ ಅಲೆದು, ರಬ್ಬರ್ ಪಟ್ಟಿಯ ಗಾಜಿನ ಕಿಟಕಿ ಹಾಕಿಸಿದೆ. "ಒಂದೆಳೆ ಗಾಳಿ ಬರಂಗಿಲ್ರಿ" ಎಂದಿದ್ದ ಅಂಗಡಿಯವನು. ಅವನು ಸುಳ್ಳು ಹೇಳಿರಲಿಲ್ಲ.

ಮಗಳು ಮನೆಗೆ ಬಂದ ಮೂರನೆಯ ಬೆಳಿಗ್ಗೆ, ನನ್ನ ಹೆಂಡತಿ ತಾಯಿ-ಮಗುವಿಗೆ ಮೊದಲ ಸಲ ನೀರೆರೆದು, ಪದ್ಧತಿಯಂತೆ ಮಂಚದ ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಗಳ ದನಿ.

"ಯಪ್ಪಾ, ತಲಿ ತಿರುಗಾಕತ್ತೈತಿ. ಕೂಸು ಅಳವಲ್ದು, ಜಲ್ದಿ ಬಾ!"

ಒಳಗೆ ಓಡಿ ಕಿಟಕಿಯ ಚಿಲಕ ಎಳೆದೆ. ಹೊಸ ಬಿಗಿ, ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

"ಅದನ್ನ ಬಿಡ್ರಿ, ಆಕೀನ ಹಿಡೀರಿ!" ಎಂದು ಹೆಂಡತಿ ಕೂಸನ್ನು ಬಾಚಿಕೊಂಡು ಅಂಗಳಕ್ಕೆ ಓಡಿದಳು. ನಾನು ಮಗಳನ್ನು ಹಿಡಿದುಕೊಂಡು ಹಿಂದೆಯೇ ಬಂದೆ. ಕೊರೆವ ಗಾಳಿಗೆ ಕೂಸು ಸೀನಿತು. ಆಮೇಲೆ ಓಣಿಗೇ ಕೇಳುವಂತೆ ಅತ್ತಿತು.

"ಹಿಂದಿನ ಬಾಣಂತನದಾಗೆಲ್ಲ ಹಳೇ ಕಿಟಕಿ ಸಂದ್ಯಾಗ ಕೆಂಡದ ಹೊಗಿ ಹೋಗತಿತ್ತು. ನಿಮ್ಮ ಶ್ಯಾಣೇತನ ಆ ಸಂದೀನೂ ಮುಚ್ಚಿತು ನೋಡ್ರಿ" ಎಂದಳು ಹೆಂಡತಿ.

ಆಸ್ಪತ್ರೆಗೆ ತೋರಿಸಿ ಬಂದ ಮೇಲೆ ಮೇಲಿನ ಗಾಜು ತೆಗೆಸಿ ಜಾಲರಿ ಹಾಕಿಸಿದೆ. ಚಳಿ ಬಂತು. ಕಂಬಳಿ ಕೊಟ್ಟೆವು. ಅಗ್ಗಿಷ್ಟಿಕೆ ಮಾತ್ರ ಮತ್ತೆ ಆ ಕೋಣೆಗೆ ಹೋಗಲಿಲ್ಲ.